ಹೊಲದ ಹದವೂ ರೈತನ ವೇಳೆಯೂ

ರೊಕ್ಕ ತೀರಿದರೆ ಸಾಲವಾದರೂ ಹುಟ್ಟುವದು. ಬೀಜ ಕೆಟ್ಟರೆ ನೆರೆಯವರಿಂದ ಕಡ ತರಬಹುದು. ಆದರೆ ಆರಿಹೋದ ಹೊಲಕ್ಕೆ ಹದವನ್ನು ಕಡ ಕೊಡುವವರು ಯಾರೂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ರೈತ ಬಾಂಧವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೀಗಿದ್ದರೂ ನಾವು ರೊಕ್ಕದ ಲೆಕ್ಕವನ್ನು ಇಟ್ಟಷ್ಟು ಕಾಳಜಿಯಿಂದ ವೇಳೆಯ ಲೆಕ್ಕವನ್ನು ಇಡುವದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಗೊತ್ತು ಮಾಡಿಕೊಳ್ಳದೆ ಕರೆದವರ ಹಿಂದೆಲ್ಲ ಹೋಗುತ್ತೇವೆ. ಕಡೆಗೆ ಬಿತ್ತಿಗೆಯನ್ನೇ ಓಡೋಡಿ ಮುಗಿಸುವ ಪ್ರಸಂಗ ಬರುವದು. ಹೊಲದ ಕೆಲಸ ಹಿಂದೆ ಬಿದ್ದ ಮನೆಯಲ್ಲಿ ಊಟಕ್ಕೂ ನಿದ್ದೆಗೂ ಹೊತ್ತುಗೊತ್ತು ಉಳಿಯದು. ಆದುದರಿಂದ ವೇಳೆಯನ್ನು ಹಂಚಿಕೊಳ್ಳುವ ಬಗೆಯನ್ನು ಈ ವಾರ ವಿಚಾರ ಮಾಡೋಣ.

ಹಿಂಗಾರಿ ಬಿಳಿಜೋಳದ ಉದಾಹರಣೆಯನ್ನೇ ತೆಗೆದುಕೊಳ್ಳಿರಿ. ನಮ್ಮ ಎರಿ ಭೂಮಿಯಲ್ಲಿ ಈ ಬೆಳೆ ಬಹುಮಟ್ಟಿಗೆ ಬದುಕುವದು ಮಳೆಗಾಲದಲ್ಲಿ ಭೂಮಿ ಕುಡಿದಿಟ್ಟುಕೊಂಡ ಹಸಿಯ ಮೇಲೆ. ಬಿತ್ತುವ ಕಾಲವು ಸಪ್ಟಂಬರ 15ರಿಂದ ಅಕ್ಟೋಬರ 15ರ ವರೆಗೆ, ಅಂದರೆ ಉತ್ತರಿ, ಹಸ್ತ ಮಳೆಗಳ ಕಾಲ. ತೀರ ಮುಂಚೆ ಬಿತ್ತಿದರೆ ಸುಳಿನೊಣದ ಕಾಟ. ತಡವಾದರೆ ಕಾಳು ಕಟ್ಟುವ ಹೊತ್ತಿಗೆ ಹಸಿ ಆರಿ ತೆನೆ ಜೊಳ್ಳಾಗುವದು. ಒಂದು ತಿಂಗಳು ಇದ್ದಂತೆ ಕಂಡರೂ ಅದರೊಳಗೆ ಮಳೆ ಬಿದ್ದು, ಕೆಸರು ಆರಿ, ಕೂರಿಗೆ ನಡೆಯುವಂಥ ದಿನಗಳು ಕೆಲವೇ. ಆ ಕೆಲವೇ ದಿನಗಳಲ್ಲಿ ಊರಿಗೆ ಊರೇ ಎತ್ತು, ಟ್ರ್ಯಾಕ್ಟರು, ಆಳುಗಳನ್ನು ಹುಡುಕುವದು.

ಬಿತ್ತಿದ ಮೇಲೂ ಹೀಗೆಯೇ. 3ನೆಯ, 5ನೆಯ, 8ನೆಯ ವಾರಗಳಲ್ಲಿ ಎಡೆ ಹೊಡೆಯಬೇಕು. ಮೊದಲಿನವು ಕಸ ತೆಗೆಯುವವು. ಕಡೆಯದು ಬಿರಿಯುವ ಭೂಮಿಯ ಬಾಯಿ ಮುಚ್ಚಿ ಹಸಿಯನ್ನು ಕಾಯುವದು. ‘ಒಂದು ಎಡೆ ಅರ್ಧ ನೀರು’ ಎಂಬರ್ಥದ ಮಾತು ನಮ್ಮ ಮರಾಠಿ ನೆರೆಯವರಲ್ಲಿ ಇದೆ. 8ನೆಯ ವಾರದ ಎಡೆಯನ್ನು 11ನೆಯ ವಾರಕ್ಕೆ ಹೊಡೆದರೆ ಬೆವರು ಅಷ್ಟೇ ಸುರಿಯುವದು, ಫಲ ಮಾತ್ರ ಅಷ್ಟು ಬಾರದು. ಹೆಚ್ಚು ದುಡಿಯುವವನಿಗಿಂತ ಹೊತ್ತಿಗೆ ದುಡಿಯುವವನ ಕಣದಲ್ಲಿ ರಾಶಿ ದೊಡ್ಡದಾಗುವದು ಇದಕ್ಕಾಗಿಯೇ.

ಈಗ ನಮ್ಮ ಎಲ್ಲ ಕೆಲಸಗಳನ್ನು ಮೂರು ಗುಂಪಿ ಮಾಡೋಣ. ಮೊದಲನೆಯದು ಹದದ ಕೆಲಸ: ಬಿತ್ತಿಗೆ, ಎಡೆ, ಕೊಯ್ಲು. ಇವು ಒಂದು ದಿನ ತಪ್ಪಿದರೂ ನಷ್ಟ. ಎರಡನೆಯದು ತಾರೀಖಿನ ಕೆಲಸ: ಸಾಲದ ಕಂತು, ಬೆಳೆವಿಮೆ, ಕಚೇರಿಯ ಕಾಗದ. ಇವು ಕಡೆಯ ದಿನದೊಳಗೆ ಯಾವಾಗ ಮಾಡಿದರೂ ಸರಿ. ಆದ್ದರಿಂದ ಹದ ಬರುವ ಮೊದಲೇ ಮುಗಿಸಬೇಕು. ಮೂರನೆಯದು ಬಿಡುವಿನ ಕೆಲಸ: ಬದುವಿನ ದುರಸ್ತಿ, ಹಗ್ಗ ಹೊಸೆಯುವದು, ಕೂರಿಗೆಯ ತಾಳು ಬಿಗಿಯಿಸುವದು, ಸಂತೆ, ಬೀಗರೂರು. ನಮ್ಮ ತೊಂದರೆಯೆಲ್ಲ ಹುಟ್ಟುವದು ಮೂರನೆಯ ಗುಂಪಿಯ ಕೆಲಸವನ್ನು ಮೊದಲನೆಯದರ ದಿನ ಮಾಡುವದರಿಂದ. ಹೊಲ ಹದಕ್ಕೆ ಬಂದ ಮುಂಜಾನೆ ಬಡಿಗೇರ ಮನೆಯ ಮುಂದೆ ಕೂರಿಗೆ ಹೊತ್ತು ನಿಂತವನು ಆಷಾಢದ ಬಿಡುವನ್ನು ಸುಮ್ಮನೆ ಕಳೆದಿರುತ್ತಾನೆ. ಬೀಜವನ್ನು ಹಸನು ಮಾಡಿ, ಎಕರೆಗೆ 4 ಕಿಲೋ ಮೇರೆಗೆ ತೂಗಿ, ಕಾಡಿಗೆ ರೋಗ ಬಾರದಂತೆ ಕಿಲೋಕ್ಕೆ 4 ಗ್ರಾಮ ಗಂಧಕದ ಪುಡಿ ಹಚ್ಚಲು ಬೇಕಾದುದನ್ನೆಲ್ಲ ಮೊದಲೇ ಮನೆಯಲ್ಲಿ ಇಟ್ಟುಕೊಂಡರೆ ಹದದ ದಿನ ಕೂರಿಗೆ ಹೂಡುವದಷ್ಟೇ ಉಳಿಯುವದು. ಟ್ರ್ಯಾಕ್ಟರಿನವರಿಗೂ ಮುಯ್ಯಾಳುಗಳಿಗೂ ಹದಿನೈದು ದಿನ ಮುಂಚೆ ಮಾತು ಕೊಟ್ಟು ತೆಗೆದುಕೊಳ್ಳಬೇಕು.

ಕಚೇರಿಯ ಕೆಲಸದಲ್ಲಿ ಹಾಳಾಗುವ ದಿನಗಳು ಬಹಳ. ಕಾಗದವೆಲ್ಲ ಮರಾಠಿಯಲ್ಲಿರುವದರಿಂದ ಓದಿಸಿಕೊಳ್ಳಲು ಮತ್ತೊಬ್ಬರನ್ನು ಕರೆದೊಯ್ಯುವವರು ನಮ್ಮಲ್ಲಿ ಇದ್ದಾರೆ. ಒಬ್ಬರ ಕೆಲಸಕ್ಕೆ ಇಬ್ಬರ ದಿನ ಹೋಗುವದು. ಇದರಲ್ಲಿ ಕೆಲವನ್ನು ಈಗ ಉಳಿಸಿಕೊಳ್ಳಬಹುದು. ಡಿಜಿಟಲ್ ಸಹಿಯ ಸಾತಬಾರಾ ಉತಾರವನ್ನು ಊರಲ್ಲಿಯೇ ಗಣಕಯಂತ್ರದಿಂದ ತೆಗೆದುಕೊಳ್ಳಲು ಬರುವದು. 2021ರ ಅಗಸ್ಟ 15ರಿಂದ ಮಹಾರಾಷ್ಟ್ರದಲ್ಲಿ ಆರಂಭವಾದ ಇ-ಪೀಕ ಪಾಹಣಿಯಿಂದ ಬೆಳೆಯ ನೋಂದಣಿಯನ್ನು ರೈತನೇ ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಮಾಡಬಹುದು. ಮರಾಠಿ ಶಾಲೆಗೋ ಕಾಲೇಜಿಗೋ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಅವರಿಂದಲೇ ಓದಿಸಿರಿ. ತಾಲೂಕಿಗೆ ಹೋಗಲೇಬೇಕಾದರೆ ಮೂರು ನಾಲ್ಕು ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು ಒಂದೇ ಸಲ ಹೋಗಿ ಬನ್ನಿರಿ.

ಇನ್ನು ಒಲ್ಲೆನೆನ್ನುವ ಮಾತು. ಬೀಗರು ಕರೆದರೆ, ಓಣಿಯ ಹಿರಿಯರು ಪಂಚಾಯತಿಗೆ ಕೂಡಲು ಹೇಳಿದರೆ ಆಗುವದಿಲ್ಲವೆನ್ನಲು ನಮಗೆ ನಾಲಿಗೆ ಏಳದು. ಆದರೆ ಒಲ್ಲೆನೆಂದು ಹೇಳದೆಯೂ ಹೊತ್ತನ್ನು ಉಳಿಸಬಹುದು. “ಮಾವಾ, ಹೊಲ ಹದಕ್ಕ ಬಂದದ. ಬಿತ್ತಿಗಿ ಮುಗಿದ ಮರುದಿನಾನs ಬರ್ತೀನಿ” ಎಂದರೆ ಒಕ್ಕಲುತನ ಬಲ್ಲ ಯಾವ ಮಾವನೂ ಸಿಟ್ಟಾಗನು. ಹೇಳಿದಂತೆ ಮರುದಿನ ಹೋಗುವದು ಮಾತ್ರ ಮುಖ್ಯ. ಚಹದಂಗಡಿಯ ಕಟ್ಟೆಗೂ ಕೈಯೊಳಗಿನ ಮೊಬೈಲಿಗೂ ಇಂಥ ಮರ್ಯಾದೆ ತೋರಿಸಬೇಕಾಗಿಲ್ಲ. ಮುಂಜಾನೆಯ ತಂಪುಹೊತ್ತು ಹೊಲದ್ದು. ಅವುಗಳ ಹೊತ್ತು ಕೆಲಸ ತೀರಿದ ಮೇಲೆ.

ಮನೆಯ ಹೆಣ್ಣುಮಕ್ಕಳ ವೇಳೆಯನ್ನಂತೂ ನಾವು ಲೆಕ್ಕಕ್ಕೇ ಹಿಡಿಯುವದಿಲ್ಲ. ನೀರು ತರುವವಳು, ರೊಟ್ಟಿ ಬಡಿಯುವವಳು, ದನದ ಹೆಂಡಿ ಬಳಿಯುವವಳು ಅವಳೇ. ಕೂರಿಗೆಯ ಬಟ್ಟಲಿಗೆ ಕಾಳು ಬಿಡಲು ಬರಬೇಕಾದವಳೂ ಅವಳೇ. ಅವಳು ನೀರಿನ ಸರತಿಯಲ್ಲಿ ನಿಂತಿರುವಷ್ಟು ಹೊತ್ತು ಕೂರಿಗೆಯೂ ನಿಂತಿರುವದು. ಬಿತ್ತಿಗೆಯ ದಿನಗಳಲ್ಲಿ ನೀರು, ದನಕರುಗಳ ಕೆಲಸವನ್ನು ಗಂಡಸರೂ ದೊಡ್ಡ ಮಕ್ಕಳೂ ಹಿಂದಿನ ಸಂಜೆಯೇ ಮಾಡಿಡಬೇಕು. ಇದು ಅವಳಿಗೆ ಮಾಡುವ ಉಪಕಾರವಲ್ಲ, ಮನೆಯ ಕೆಲಸದ ಸರಿಯಾದ ಹಂಚಿಕೆ. ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಕುಳಿತು ನಾಳಿನ ಕೆಲಸ ಯಾವುದು, ಯಾರದು ಎಂದು ಮಾತಾಡಿಕೊಂಡರೆ ಮುಂಜಾನೆಯ ಕೂಗಾಟ ಅರ್ಧ ಕಡಿಮೆಯಾಗುವದು.

ವೇಳೆಯನ್ನು ಉಳಿಸುವದು ಮತ್ತಷ್ಟು ದುಡಿಯುವದಕ್ಕಲ್ಲ. ಸೋಮವಾರ ಎತ್ತು ಹೂಡಬಾರದೆಂಬ ಕಟ್ಟನ್ನು ಹಿರಿಯರು ಬಸವಣ್ಣನಿಗೆ ಮಾಡಿಟ್ಟರು. ಎತ್ತು ಹೊಡೆಯುವವನಿಗೂ ವಾರಕ್ಕೊಂದು ಸಂಜೆಯಾದರೂ ಬೇಕು. ನಮ್ಮ ಹಬ್ಬಗಳನ್ನು ನೋಡಿರಿ: ಎಳ್ಳಮಾವಾಸ್ಯೆ ಬರುವ ಹೊತ್ತಿಗೆ ಹೊತ್ತಿಗೆ ಸರಿಯಾಗಿ ಬಿತ್ತಿದ ಹೊಲದಲ್ಲಿ ಮೂರೂ ಎಡೆಗಳು ಮುಗಿದಿರುವವು. ಸೊಲ್ಲಾಪುರದ ಸಿದ್ಧರಾಮೇಶ್ವರನ ಜಾತ್ರೆ ಸಂಕ್ರಾಂತಿಗೆ, ಎಡೆಯಾದ ಮೇಲೆ, ಕೊಯ್ಲಿನ ಮೊದಲು. ಹದದ ಕೆಲಸವನ್ನು ಹದಕ್ಕೆ ಮಾಡಿದವನು ಚರಗದ ಬುಟ್ಟಿ ಹೊತ್ತು ಹೊಲಕ್ಕೆ ಹೋದಾಗ ಮಕ್ಕಳೊಡನೆ ನಿಶ್ಚಿಂತೆಯಿಂದ ಕುಳಿತು ಉಣ್ಣುವನು. ಹಿಂದೆ ಬಿದ್ದವನಿಗೆ ಅಂದೂ ಕಸವೇ ಕಣ್ಣಿಗೆ ಬೀಳುವದು. ಆದ್ದರಿಂದ ಬಾಂಧವರು ಈ ಸಲದ ಮುಂಗಾರಿಯ ಬಿಡುವಿನಲ್ಲಿಯೇ ಮೂರು ಗುಂಪಿಯ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆದು, ಪಂಚಾಂಗದ ಪಕ್ಕಕ್ಕೆ ತೂಗುಹಾಕಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.