ಹಳ್ಳದಂಚಿನ ಬಿಳಿ ಹೂವು: ಅಂದ ನೋಡಿ, ಅಪಾಯವನ್ನೂ ತಿಳಿಯಿರಿ

ಉದಕಮಂಡಲದ ಸುತ್ತಿನ ಜೌಗು ನೆಲದಲ್ಲಿ, ಹಳ್ಳದ ಅಂಚಿನಲ್ಲಿ, ತೋಟದ ಚರಂಡಿಯಲ್ಲಿ ಶಂಖದಂತೆ ಸುರುಳಿಯಾಗಿ ಅರಳುವ ಬಿಳಿ ಹೂವನ್ನು ನಮ್ಮವರೆಲ್ಲ ಬಲ್ಲರು. ಆರಮ್ ಲಿಲ್ಲಿ ಎನ್ನುತ್ತೇವೆ, ಕೆಲವರು ಕಾಲಾ ಲಿಲ್ಲಿ ಎನ್ನುತ್ತಾರೆ. ಬಲಿಪೀಠದ ಅಲಂಕಾರಕ್ಕೂ ಶವಪೆಟ್ಟಿಗೆಯ ಮೇಲಿಡಲೂ ಅದೇ ಬೇಕು. ಆದರೆ ಅದು ಲಿಲ್ಲಿಯೂ ಅಲ್ಲ, ನಮ್ಮ ಬೆಟ್ಟದ ಗಿಡವೂ ಅಲ್ಲ.

ಇದರ ತವರು ದಕ್ಷಿಣ ಆಫ್ರಿಕ. 1753ರಲ್ಲಿ ಲಿನೇಯಸ್ ಇದಕ್ಕೆ ಕಾಲಾ ಇಥಿಯೋಪಿಕಾ ಎಂದು ಹೆಸರಿಟ್ಟನು. ಇಥಿಯೋಪಿಯ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ; ಆಗಿನ ಪಂಡಿತರಿಗೆ ಆಫ್ರಿಕದ ದೂರದ ಭಾಗವೆಲ್ಲ ಇಥಿಯೋಪಿಯವೇ! 1826ರಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಇದನ್ನು ಬೇರ್ಪಡಿಸಿ, ಇಟಲಿಯ ವೈದ್ಯ ಜಾಂಟೆಡೆಸ್ಕಿಯವರ ನೆನಪಿಗೆ ಜಾಂಟೆಡೆಸ್ಕಿಯ ಎಂಬ ಹೊಸ ಕುಲ ಮಾಡಿದರು. ಕಾಲಾ ಎಂಬ ಹೆಸರು ಮಾತ್ರ ಹೂವಿನಂಗಡಿಯಲ್ಲಿ ಉಳಿದುಕೊಂಡಿತು.

ಈ ಕುಲದಲ್ಲಿ ಎಂಟು ಜಾತಿಗಳು, ಎರಡು ಪಂಗಡ. ನಮ್ಮ ಬಿಳಿ ಹೂವಿನದೂ ಸುವಾಸನೆಯ ಒಡೊರಾಟ ಎಂಬುದರದೂ ಒಂದು ಪಂಗಡ. ಇವುಗಳಿಗೆ ಶುಂಠಿಯಂತೆ ಹರಡುವ ಬೇರುಕಾಂಡ. ಉಳಿದ ಆರಕ್ಕೆ ಗುಂಡಗಿನ ಗೆಡ್ಡೆ; ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿ ಮಲಗುತ್ತವೆ. ಕುಂಡಗಳಲ್ಲಿ ಕಾಣುವ ಹಳದಿ, ಗುಲಾಬಿ ಬಣ್ಣದವು ಈ ಎರಡನೆಯ ಪಂಗಡದಿಂದ ಬಂದವು. ಎಲೆ ಒಣಗಿತೆಂದು ಅವನ್ನು ತಿಪ್ಪೆಗೆ ಎಸೆಯಬೇಡಿ, ಗೆಡ್ಡೆ ಬದುಕಿರುತ್ತದೆ. ನೀರು ನಿಂತರೆ ಮಾತ್ರ ಕೊಳೆಯುತ್ತದೆ. ಬಿಳಿಯದಕ್ಕೋ ನೀರೇ ಪ್ರಾಣ. ಇವೆರಡನ್ನು ಕೂಡಿಸಿ ಬಣ್ಣದ ಗಟ್ಟಿ ಗಿಡ ಪಡೆಯಲು ತಜ್ಞರು ಪ್ರಯತ್ನಿಸಿದಾಗ ಹುಟ್ಟಿದ ಸಸಿಗಳು ಹಸುರೇ ಇಲ್ಲದೆ ಬೆಳ್ಳಗಾಗಿ ಸತ್ತವು. ಅಷ್ಟು ದೂರದ ನೆಂಟಸ್ತಿಕೆ ಅವುಗಳದು.

ರೈತರಿಗೆ ಮುಖ್ಯವಾದ ಸಂಗತಿ ಇದು: ಈ ಗಿಡ ನಮ್ಮ ಕೆಸು, ಸುವರ್ಣಗೆಡ್ಡೆಗಳ ಕುಟುಂಬದ್ದು. ಬಿಳಿಯ ಸುರುಳಿ ನಿಜಕ್ಕೂ ಹೂವಲ್ಲ, ಒಂದು ಎಲೆಯ ರೂಪಾಂತರ. ಒಳಗಿನ ಹಳದಿ ದಿಂಡಿನ ಮೇಲೆ ಸಾಸಿವೆಯಷ್ಟು ಸಣ್ಣ ನಿಜವಾದ ಹೂಗಳಿರುತ್ತವೆ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದಲ್ಲವೆ? ಅದೇ ಆಕ್ಸಲೇಟ್ ಹರಳುಗಳು ಇದರ ಎಲೆ, ದಂಟು, ಬೇರು, ಹಣ್ಣು ಎಲ್ಲದರಲ್ಲೂ ಸೂಜಿಗಳಂತೆ ತುಂಬಿವೆ. ಕೆಸುವಿನ ನೆಂಟನೆಂದು ಇದನ್ನು ಬೇಯಿಸಿ ತಿನ್ನುವ ಸಾಹಸ ಬೇಡ.

ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಆದರೆ ಬೇಸಿಗೆಯಲ್ಲಿ ಹುಲ್ಲು ಒಣಗಿ, ಹಳ್ಳದಲ್ಲಿ ಇದೊಂದೇ ಹಸುರಾಗಿ ನಿಂತಾಗ ಹಸಿದ ಕರು ಬಾಯಿ ಹಾಕೀತು. ಜೊಲ್ಲು ಸುರಿದು, ನಾಲಿಗೆ ಊದಿ, ಮೇವು ಬಿಟ್ಟರೆ ಪಶುವೈದ್ಯರನ್ನು ಕರೆಯಿರಿ. ಮಾಗಿದ ಕಿತ್ತಳೆ ಬಣ್ಣದ ಹಣ್ಣು ಮಕ್ಕಳನ್ನು ಸೆಳೆಯುತ್ತದೆ. ಮಗು ಕಡಿದಿದ್ದರೆ ಬಾಯೊಳಗಿನ ಚೂರು ಒರೆಸಿ ತೆಗೆದು, ತಣ್ಣೀರಿನಲ್ಲಿ ಮುಕ್ಕಳಿಸಿ, ಸ್ವಲ್ಪ ತಣ್ಣನೆ ಹಾಲು ಕುಡಿಸಿ. ವಾಂತಿ ಮಾಡಿಸಬೇಡಿ. ತುಟಿ ಗಂಟಲು ಊದಿದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

ಇನ್ನು ನೀರಿನ ವಿಷಯ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಈ ಗಿಡವನ್ನು ಹಾವಳಿ ಕಳೆಯೆಂದೇ ಘೋಷಿಸಿದ್ದಾರೆ. ನಮ್ಮ ಮೇಲ್ಬೆಟ್ಟದ ಜೌಗಿನಲ್ಲೂ ಅದು ತಾನೇತಾನಾಗಿ ಹಬ್ಬಿ, ದನ ಮೇಯುವ ಹುಲ್ಲಿಗೂ ಸ್ಥಳೀಯ ಗಿಡಗಳಿಗೂ ಜಾಗ ಬಿಡದಂತೆ ಮಾಡುತ್ತಿದೆ. ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತವೆ. ಹೂವನ್ನು ದೇವಾಲಯಕ್ಕೆ ಧಾರಾಳವಾಗಿ ಕೊಯ್ದು ತನ್ನಿ, ಅದರಿಂದ ಹಣ್ಣಾಗುವುದೂ ತಪ್ಪುತ್ತದೆ. ತೆಗೆಯಬೇಕೆಂದರೆ ನೆಲ ಮೆದುವಾಗಿರುವಾಗ ಗುದ್ದಲಿಯಿಂದ ಬುಡಸಹಿತ ಅಗೆಯಿರಿ. ಬೆರಳುದ್ದ ಬೇರು ಉಳಿದರೂ ಮತ್ತೆ ಚಿಗುರುತ್ತದೆ. ಕುಡಿಯುವ ನೀರಿನ ಹಳ್ಳಕ್ಕೆ ಕಳೆನಾಶಕ ಸುರಿಯಲೇಬೇಡಿ. ರಸ ತಾಗಿ ಕೈ ತುರಿಸುವವರು ಗ್ಲೌಸ್ ಹಾಕಿಕೊಳ್ಳಲಿ. ಅಗೆದದ್ದನ್ನು ಹಳ್ಳಕ್ಕೆ ಎಸೆಯದೆ, ಬಂಡೆಯ ಮೇಲೆ ಬಿಸಿಲಿಗೆ ಹರಡಿ, ಪೂರ್ತಿ ಒಣಗಿದ ಮೇಲೆ ಸುಟ್ಟುಬಿಡಿ. ದನ ಕಟ್ಟುವ ಕಡೆ ಮಾತ್ರ ರಾಶಿ ಹಾಕಬೇಡಿ.