ನಾಲ್ಕು ತಾಸಿನ ಮದುವೆ, ಒಂದೇ ಡಿವಿಡಿ

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ನಮ್ಮ ಮನೆತನಗಳಲ್ಲಿ ಮದುವೆಯ ವಿಡಿಯೋ ಎಂದರೆ ಸುರಗಿಯಿಂದ ಮೊದಲ್ಗೊಂಡು ಮಗಳನ್ನು ಕಳಿಸಿಕೊಡುವವರೆಗಿನ ದೀರ್ಘ ದಾಖಲೆ. ಹಳೆಯ ಕ್ಯಾಸೆಟ್ಟುಗಳಲ್ಲಿ ಕಾಣುವ ಎಷ್ಟೋ ಹಿರಿಯರು ಈಗ ಲಿಂಗೈಕ್ಯರಾಗಿದ್ದಾರೆ. ಅವರ ನಡೆ, ನುಡಿ, ನಗೆ ಉಳಿದಿರುವುದು ಆ ಟೇಪಿನಲ್ಲಿ ಮಾತ್ರ. ಅದನ್ನು ಕಂಪ್ಯೂಟರಿಗೆ ಇಳಿಸಿ, ಬೇಡವಾದುದನ್ನು ಕತ್ತರಿಸಿ, ಡಿವಿಡಿಗೆ ಹಾಕಿಸಿಕೊಳ್ಳುವವರು ಇಂದಿಗೂ ಇದ್ದಾರೆ. ಆದರೆ ಸಂಕಲನವೆಲ್ಲ ಸೊಗಸಾಗಿ ಮುಗಿದ ಮೇಲೆ, ಡಿವಿಡಿಗಾಗಿ ಎಕ್ಸ್‌ಪೋರ್ಟ್ ಮಾಡುವ ಕೊನೆಯ ಹಂತದಲ್ಲಿ ಚಿತ್ರ ಕೆಡುವುದುಂಟು.

ಕಾರಣ ಸರಳವಾದ ಒಂದು ಲೆಕ್ಕ. ಸಾಮಾನ್ಯ ಡಿವಿಡಿಯ ಸಾಮರ್ಥ್ಯ 4.7 ಜಿಬಿ. ಎರಡು ತಾಸಿನ ಚಿತ್ರವನ್ನಿಟ್ಟರೆ ಧ್ವನಿಯೂ ಸೇರಿ ಪ್ರತಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ದೊರೆಯುತ್ತದೆ, ನೋಡಲು ಹಿತವಾಗಿರುತ್ತದೆ. ನಾಲ್ಕು ತಾಸು ತುಂಬಿದರೆ ದೊರೆಯುವುದು 2.6 ಮಾತ್ರ. ಸುಮ್ಮನೆ ಕುಳಿತವರ ಚಿತ್ರಕ್ಕೆ ಅದು ಹೇಗೋ ಸಾಕಾದೀತು. ಅಕ್ಕಿಕಾಳು ಬೀಳುವಾಗ ನೂರಾರು ಕೈಗಳು ಒಮ್ಮೆಲೇ ಚಲಿಸುತ್ತವೆ. ಚಿತ್ರ ಚೌಕಚೌಕವಾಗಿ ಒಡೆಯುವುದು ಆಗಲೇ. ಒಂದು ಡಿವಿಡಿಯ ಬೆಲೆ ಉಳಿಸಲು ಹೋಗಿ ಮದುವೆಯ ಮುಖ್ಯ ಗಳಿಗೆಯನ್ನೇ ಮಸುಕಾಗಿಸುವುದು ಎಂಥ ಜಾಣತನ!

ಎರಡು ಡಿವಿಡಿ ಮಾಡಿಸುವುದೇ ಮೇಲು. ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತ ಈ ಸೀಮೆಯದೇ ಆಟ. ಇರುಳಿಡೀ ನಡೆಯುವ ಅಂಥ ಪ್ರಯೋಗವನ್ನು ಚಿತ್ರೀಕರಿಸಿದರೆ ಮೂರು ಡಿವಿಡಿಗಳಾದರೂ ಬೇಕು. ಭಾಗ ಮಾಡುವಾಗ ಹಾಡಿನ ನಡುವೆ ಕತ್ತರಿ ಬೀಳಬಾರದು. 8.5 ಜಿಬಿಯ ಎರಡು ಪದರಿನ ಡಿವಿಡಿಯೂ ಉಂಟು. ಹಳೆಯ ಕೆಲವು ಪ್ಲೇಯರುಗಳು ಅದನ್ನು ಓದುವುದಿಲ್ಲ.

ಎಕ್ಸ್‌ಪೋರ್ಟ್ ಮಾಡುವವರು ಎಂಪೆಗ್-2, ಪಾಲ್, 720×576, ಸೆಕೆಂಡಿಗೆ 25 ಚಿತ್ರ ಎಂದು ಆರಿಸಬೇಕು. ಮೊಬೈಲಿನಲ್ಲಿಯೋ ಹೊಸ ಕ್ಯಾಮರಾದಲ್ಲಿಯೋ ತೆಗೆದ ಎಚ್‌ಡಿ ಚಿತ್ರದ ಸೂಕ್ಷ್ಮತೆ ಇಲ್ಲಿ ಬಹಳಷ್ಟು ಕಳೆದುಹೋಗುತ್ತದೆ. ಬರೆಯಬಲ್ಲ ಡಿವಿಡಿಯ ಬಣ್ಣದ ಪದರವೂ ಕಾಲಕ್ರಮದಲ್ಲಿ ಹಾಳಾಗುತ್ತದೆ. ಆದ್ದರಿಂದ ಸಂಕಲನವಾದ ಮೂಲ ಫೈಲನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಕೇಳಿ ಪಡೆಯತಕ್ಕದ್ದು. ಕ್ಯಾಸೆಟ್ಟನ್ನಂತೂ ಎಸೆಯಬಾರದು.

ಡಿವಿಡಿಯಲ್ಲಿ ಬರೆಹ ಒಳಗಿನಿಂದ ಅಂಚಿನತ್ತ ಸಾಗುತ್ತದೆ. ತುಂಬಿದ ಡಿವಿಡಿ ತಡವರಿಸುವುದು ಹೆಚ್ಚಾಗಿ ಅಂಚಿನಲ್ಲಿ. ಕೈಗೆ ಪಡೆಯುವಾಗ ಮೊದಲ ದೃಶ್ಯವನ್ನಷ್ಟೇ ನೋಡಿ ಒಪ್ಪಿಕೊಳ್ಳದೆ, ಕೊನೆಯ ಹತ್ತು ನಿಮಿಷಗಳನ್ನು ಮನೆಯ ಪ್ಲೇಯರಿನಲ್ಲಿ ಹಾಕಿ ನೋಡಬೇಕು. ಮಗಳನ್ನು ಕಳಿಸಿಕೊಡುವ ದೃಶ್ಯ ಇರುವುದು ಅಲ್ಲಿಯೇ.