ಜನರೇಟರಿನ ಆರೈಕೆ, ಜೀವದ ಕಾಳಜಿ

ಕೆಲವು ವರ್ಷಗಳ ಹಿಂದೆ, ಮದುವೆಯೊಂದರ ಮರುದಿನ ನಸುಕಿನಲ್ಲಿ ನಮಗೆ ಕರೆ ಬಂದಿತು. ಕಲ್ಯಾಣ ಮಂಟಪದ ಹಿಂಭಾಗದ ಕೊಠಡಿಯಲ್ಲಿ ಮಲಗಿದ್ದ ಏಳೆಂಟು ಮಂದಿಗೆ ಸಹಿಸಲಾರದ ತಲೆನೋವು, ವಾಂತಿ, ಎದ್ದು ನಿಲ್ಲಲಾಗದಷ್ಟು ಸುಸ್ತು. ಅವರಲ್ಲಿ ಮೂವರು ಮಕ್ಕಳು. ನಾವು ಅಲ್ಲಿಗೆ ತಲುಪುವ ಹೊತ್ತಿಗೆ ತೀರ್ಪು ಆಗಿಹೋಗಿತ್ತು: ರಾತ್ರಿಯ ಊಟ ಕೆಟ್ಟಿತ್ತು, ತಪ್ಪು ಅಡುಗೆಯವರದು. ಮೂವತ್ತು ವರ್ಷ ಸಾವಿರಾರು ಜನರಿಗೆ ಉಣಬಡಿಸಿದ ಆ ಹಿರಿಯರು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ನಮ್ಮನ್ನು ಕಂಡು ಒಂದೇ ಮಾತು ಕೇಳಿದರು: “ಹೋಳಿಗಿ ಎಲ್ಲಾರೂ ಉಂಡಾರ್ರೀ ಡಾಕ್ಟರ್ ಸಾಹೇಬ್ರ, ಇವರಿಗಷ್ಟ ಯಾಕ ಹಿಂಗಾತು?”

ಪ್ರಶ್ನೆಯಲ್ಲಿಯೇ ಉತ್ತರವಿತ್ತು. ಅದೇ ಊಟವನ್ನು ಉಂಡು ಮುಂಭಾಗದ ಸಭಾಂಗಣದಲ್ಲಿ ಮಲಗಿದ್ದವರೆಲ್ಲರೂ ಆರೋಗ್ಯವಾಗಿದ್ದರು. ನರಳುತ್ತಿದ್ದವರಲ್ಲಿ ಯಾರಿಗೂ ಜ್ವರವಿರಲಿಲ್ಲ, ಭೇದಿಯಿರಲಿಲ್ಲ. ಆ ಕೊಠಡಿಯ ಕಿಟಕಿಯ ಹೊರಗೆ, ಐದಾರು ಅಡಿಗಳ ಅಂತರದಲ್ಲಿ, ರಾತ್ರಿಯಿಡೀ ಓಡಿದ ಜನರೇಟರ್ ನಿಂತಿತ್ತು. ಅದರ ಹೊಗೆಕೊಳವೆಯ ಜೋಡಣೆಯೊಂದು ಸಡಿಲಗೊಂಡು, ಸುತ್ತಲಿನ ಗೋಡೆಗೆ ಮಸಿ ಹಿಡಿದಿತ್ತು. ಎಲ್ಲರನ್ನೂ ಬಯಲಿಗೆ ಕರೆತಂದು, ಆಮ್ಲಜನಕ ಕೊಡಿಸಲು ಆಸ್ಪತ್ರೆಗೆ ಸಾಗಿಸಲಾಯಿತು, ಎಲ್ಲರೂ ಉಳಿದರು. ಇನ್ನೆರಡು ಗಂಟೆ ತಡವಾಗಿದ್ದರೆ ಹೀಗೆ ಬರೆಯುವ ಧೈರ್ಯ ನಮಗಿರುತ್ತಿರಲಿಲ್ಲ.

ಆರೋಗ್ಯದ ಪುಟಗಳಲ್ಲಿ ಯಂತ್ರದ ಮಾತೇಕೆಂದು ಕೇಳುವ ಓದುಗ ಬಂಧುಗಳಿಗೆ ನಮ್ಮ ಸಮಾಧಾನ ಇಷ್ಟೇ. ಇಂದು ಪ್ರಸಾದ ನಿಲಯ, ದಾಸೋಹ ಮಂಟಪ, ಆಸ್ಪತ್ರೆ, ಶಾಲೆ, ಕಲ್ಯಾಣ ಮಂಟಪಗಳೆಲ್ಲ ಜನರೇಟರನ್ನು ಇರಿಸಿಕೊಂಡಿವೆ. ವಿದ್ಯುತ್ ಹೋದಾಗ ಮಾತ್ರ ಅದರ ನೆನಪಾಗುತ್ತದೆ. ಮನೆಯ ಬಾವಿಯ ಹಗ್ಗವನ್ನಾದರೂ ಆಗಾಗ್ಗೆ ಕೈಯಾಡಿಸಿ ನೋಡುತ್ತೇವೆ. ಜನರೇಟರನ್ನು ಹಾಗೆ ನೋಡುವವರು ವಿರಳ.

ಇಂಧನ ಪೂರ್ಣವಾಗಿ ಉರಿಯದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಉಸಿರಾಟ ನಡೆದೇ ಇರುತ್ತದೆ, ಆದರೆ ಮೆದುಳಿಗೂ ಹೃದಯಕ್ಕೂ ಆಮ್ಲಜನಕ ಮುಟ್ಟುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಬಳಿಕ ಗೊಂದಲ, ಮಂಪರು, ಕೊನೆಗೆ ಪ್ರಜ್ಞಾಹೀನತೆ. ನಿದ್ರೆಯಲ್ಲಿದ್ದವರಿಗೆ ಈ ಮುನ್ಸೂಚನೆಗಳೂ ತಿಳಿಯುವುದಿಲ್ಲ. ಗರ್ಭಿಣಿಯರು, ಕೂಸುಗಳು, ಹೃದ್ರೋಗಿಗಳು ಬೇಗನೆ ಬಲಿಯಾಗುತ್ತಾರೆ.

ಇಲ್ಲಿ ಒಂದು ಮೋಸವನ್ನು ಒತ್ತಿ ಹೇಳಬೇಕು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷವನ್ನು ಗುರುತಿಸಲಾರದು. ಆಮ್ಲಜನಕ ಅಂಟಿದ ರಕ್ತಕ್ಕೂ ಈ ಅನಿಲ ಅಂಟಿದ ರಕ್ತಕ್ಕೂ ಅದು ಭೇದ ಕಾಣದು. ಬೆರಳಿನ ಮೇಲೆ 98 ಎಂದು ತೋರುತ್ತಿದ್ದರೂ ವ್ಯಕ್ತಿ ಅಪಾಯದಲ್ಲಿರಬಹುದು. ಒಂದೇ ಕೋಣೆಯಲ್ಲಿದ್ದವರೆಲ್ಲರಿಗೂ ಒಮ್ಮೆಗೇ ತಲೆನೋವು ಬಂದು, ಹೊರಗೆ ಹೋದೊಡನೆ ಹಗುರವೆನಿಸಿದರೆ ಅಂಕಿಯನ್ನು ನಂಬಬೇಡಿ. ಯಂತ್ರವನ್ನು ನಿಲ್ಲಿಸಿ, ಎಲ್ಲರನ್ನೂ ಬಯಲಿಗೆ ತಂದು, 108ಕ್ಕೆ ಕರೆ ಮಾಡಿ, ಜನರೇಟರ್ ಓಡುತ್ತಿತ್ತೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಈ ಒಂದು ಮಾತು ತಿಳಿಯದಿದ್ದರೆ ವೈದ್ಯರೂ ಊಟವನ್ನೇ ಶಂಕಿಸುತ್ತಾರೆ.

ಆದ್ದರಿಂದ ಯಂತ್ರ ನಿಲ್ಲುವ ಸ್ಥಳದ ಪರೀಕ್ಷೆಯೇ ಮೊದಲನೆಯ ಪರೀಕ್ಷೆ. ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರವಿರಲಿ, ಹೊಗೆಯ ಬಾಯಿ ಜನರು ಮಲಗುವ ದಿಕ್ಕಿಗೆ ತಿರುಗದಿರಲಿ. ಕಟ್ಟಡಕ್ಕೆ ಸೇರಿದ ಕೊಠಡಿಯಲ್ಲಿ ಖಾಯಂ ಆಗಿ ಕೂರಿಸಿದ ದೊಡ್ಡ ಯಂತ್ರವಾದರೆ ಹೊಗೆಕೊಳವೆ ಮಾಳಿಗೆಗಿಂತ ಎತ್ತರಕ್ಕೆ ಏರಬೇಕು. ಅದರ ಪ್ರತಿಯೊಂದು ಜೋಡಣೆಯ ಸುತ್ತ ಮಸಿ ಕಾಣುತ್ತಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಮಸಿಯೆಂದರೆ ಸೋರಿಕೆ. ಅಂಗಡಿಗಳ ಸಣ್ಣ ಪೆಟ್ರೋಲ್ ಜನರೇಟರ್ ಡೀಸೆಲ್ ಯಂತ್ರಕ್ಕಿಂತ ಹೆಚ್ಚಾಗಿ ಈ ಅನಿಲವನ್ನು ಉಗುಳುತ್ತದೆ. ಮಳೆಗೆ ನೆನೆಯದಿರಲೆಂದು ಅದನ್ನು ಒಳಗೆಳೆದು ಷಟರ್ ಅರ್ಧ ಇಳಿಸುವುದು ಪ್ರಾಣದೊಂದಿಗೆ ಆಡುವ ಆಟ. ಕಿಟಕಿ ತೆರೆದಿದೆ, ಫ್ಯಾನ್ ತಿರುಗುತ್ತಿದೆ ಎಂಬ ಸಮಾಧಾನವೂ ಸಲ್ಲದು. ಇದೇ ಕಾರಣಕ್ಕೆ, ಬಾವಿಯ ಹೂಳೆತ್ತುವಾಗ ಇಂಜಿನ್ ಪಂಪನ್ನು ಬಾವಿಯೊಳಕ್ಕೆ ಇಳಿಸಿ ಓಡಿಸುವುದೂ ಬೇಡ. ಕೆಳಗೆ ಬಿದ್ದವನನ್ನು ಎತ್ತಲು ಇಳಿದ ಅಣ್ಣತಮ್ಮಂದಿರೂ ಮೇಲೆ ಬಾರದೆ ಹೋದ ಮನೆಗಳುಂಟು.

ಡೀಸೆಲ್ ಹೊಗೆಯ ಕಪ್ಪು ಕಣಗಳ ಕಥೆ ಬೇರೆ. ಅವು ಒಂದೇ ರಾತ್ರಿಯಲ್ಲಿ ಕೊಲ್ಲುವುದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆಸ್ತಮಾ ಇರುವ ಮಗುವಿನ ಹಾಸಿಗೆ ಇಂಥ ಯಂತ್ರದ ಬಳಿ ಇರಬಾರದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಇನ್ನು ಯಂತ್ರದ ಆರೈಕೆ. ಚಾಲೂ ಮಾಡುವ ಮುನ್ನ ಒಂದು ಸುತ್ತು ಬಂದು ನೋಡುವ ರೂಢಿ ಇರಲಿ. ಕೆಳಗೆ ಎಣ್ಣೆ ಅಥವಾ ನೀರು ತೊಟ್ಟಿಕ್ಕಿದೆಯೇ? ಇಲಿ ವೈರನ್ನು ಕಡಿದಿದೆಯೇ, ಹಕ್ಕಿ ಗೂಡು ಕಟ್ಟಿದೆಯೇ? ಒಣಹುಲ್ಲು, ಗೋಣಿಚೀಲ, ಎಣ್ಣೆ ಒರೆಸಿದ ಅರಿವೆ ಹತ್ತಿರ ಬಿದ್ದಿವೆಯೇ? ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆದು ಒರೆಸಿ, ಮತ್ತೆ ಅದ್ದಿ, ಆಯಿಲ್ ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡಬೇಕು. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆಯೆಂದು ತಿಳಿದು ಮೆಕ್ಯಾನಿಕ್ಕನ್ನು ಕರೆಸಬೇಕು, ಚಾಲೂ ಮಾಡಬಾರದು. ಫ್ಯಾನ್ ಬೆಲ್ಟಿನಲ್ಲಿ ಬಿರುಕುಗಳಿದ್ದರೆ ಬದಲಿಸಬೇಕು. ಏರ್ ಫಿಲ್ಟರನ್ನು ನಮ್ಮ ಧೂಳಿನ ಸೀಮೆಗಳಲ್ಲಿ, ಬೇಸಿಗೆಯಲ್ಲಂತೂ, ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ನೋಡುವುದು ಲೇಸು. ಅದು ಮುಚ್ಚಿಹೋದರೆ ಹೊಗೆ ಕಪ್ಪಾಗುತ್ತದೆ. ಕಪ್ಪು ಹೊಗೆ ಎಂದರೆ ಅರೆಬೆಂದ ಇಂಧನ.

ರೇಡಿಯೇಟರಿನ ಮುಚ್ಚಳ ನಮ್ಮ ಆಸ್ಪತ್ರೆಗಳಿಗೆ ಬರುವ ಸುಟ್ಟಗಾಯಗಳ ಒಂದು ಹಳೆಯ ಮೂಲ. ಬಿಸಿ ಇಂಜಿನ್ನಿನಲ್ಲಿ ಕೂಲೆಂಟ್ ಒತ್ತಡಕ್ಕೆ ಸಿಲುಕಿರುತ್ತದೆ. ಮುಚ್ಚಳ ತಿರುಗಿಸಿದೊಡನೆ ಮುಖಕ್ಕೂ ಎದೆಗೂ ಚಿಮ್ಮುತ್ತದೆ. ಪೂರ್ಣ ತಣಿಯುವವರೆಗೆ ಮುಟ್ಟಬಾರದು. ಸುಟ್ಟರೆ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿದು ಆಸ್ಪತ್ರೆಗೆ ಹೋಗಿ. ಟೂತ್‌ಪೇಸ್ಟ್, ಶಾಯಿ, ಅರಿಸಿನದ ಲೇಪ ಬೇಡ.

ಬೇಕಾದ ಹೊತ್ತಿಗೆ ಜನರೇಟರ್ ಚಾಲೂ ಆಗದಿದ್ದಾಗ ಮೊದಲು ನೋಡಬೇಕಾದದ್ದು ಬ್ಯಾಟರಿಯನ್ನು. ಸುಮ್ಮನೆ ನಿಂತ ಯಂತ್ರದ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಪೂರ್ಣ ಚಾರ್ಜ್ ಆಗಿ ವಿರಮಿಸಿದ 12 ವೋಲ್ಟ್ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ತೋರಬೇಕು. ತುದಿಗಳಲ್ಲಿ ಬಿಳಿ-ಹಸಿರು ಕಿಲುಬು ಕಟ್ಟಿದ್ದರೆ ತಂತಿ ಕಳಚಿ, ಅಡಿಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು ಒಣಗಿಸಬೇಕು. ಒಳಗಿನ ದ್ರವ ತಗ್ಗಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು, ಕೊಳವೆಬಾವಿಯ ನೀರಲ್ಲ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಅನಿಲವನ್ನು ಬಿಡುತ್ತದೆ. ಅದರ ಬಳಿ ಬೀಡಿ, ಬೆಂಕಿಕಡ್ಡಿ, ದೀಪ ಸಲ್ಲವು. ಆಮ್ಲ ಕಣ್ಣಿಗೆ ಸಿಡಿದರೆ ಬಿಡದೆ ನೀರಿನಿಂದ ತೊಳೆಯುತ್ತಲೇ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯಬೇಕು.

ವಾರಕ್ಕೊಮ್ಮೆ ಐದು ನಿಮಿಷ ಖಾಲಿ ಓಡಿಸಿ ನಿಲ್ಲಿಸಿದರೆ ಕರ್ತವ್ಯ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ನಾವೂ ಬಹುಕಾಲ ಹಾಗೆಯೇ ನಂಬಿದ್ದೆವು. ಡೀಸೆಲ್ ಇಂಜಿನ್ ಹೊರೆಯಿಲ್ಲದೆ ಓಡಿದಾಗ ಸಾಕಷ್ಟು ಕಾಯುವುದಿಲ್ಲ. ಉರಿಯದ ಇಂಧನ ಹೊಗೆಕೊಳವೆಯಲ್ಲಿ ಜಿಡ್ಡಾಗಿ ಕೂರುತ್ತದೆ. ತಿಂಗಳಿಗೊಮ್ಮೆಯಾದರೂ ಯಂತ್ರದ ಸಾಮರ್ಥ್ಯದ 30 ಪ್ರತಿಶತಕ್ಕೆ ಕಡಿಮೆಯಿಲ್ಲದ ಹೊರೆಯನ್ನು ಹಾಕಿ 30 ನಿಮಿಷ ಓಡಿಸಬೇಕು. ಪ್ರಸಾದ ನಿಲಯಗಳಲ್ಲಿ ಸಾಮಾನ್ಯವಾದ 25 ಕೆವಿಎ ಯಂತ್ರವನ್ನೇ ತೆಗೆದುಕೊಳ್ಳೋಣ. ಅದು ಸುಮಾರು 20 ಕಿಲೋವ್ಯಾಟ್ ಕೊಡುತ್ತದೆ. 30 ಪ್ರತಿಶತವೆಂದರೆ 6 ಕಿಲೋವ್ಯಾಟ್. ಮೂರು ಎಚ್‌ಪಿಯ ಎರಡು ನೀರಿನ ಮೋಟಾರುಗಳು, ಜೊತೆಗೆ ಇಪ್ಪತ್ತು ಫ್ಯಾನುಗಳು ಸಾಕು. ತೊಟ್ಟಿ ತುಂಬಿಸುವ ಹೊತ್ತಿಗೆ ಈ ಪರೀಕ್ಷೆಯನ್ನು ಇಟ್ಟುಕೊಂಡರೆ ಡೀಸೆಲ್ಲೂ ವ್ಯರ್ಥವಾಗದು.

ಡೀಸೆಲ್ ಕೂಡ ಹಳಸುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ, ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ. ಟ್ಯಾಂಕನ್ನು ತುಂಬಿಯೇ ಇರಿಸಿ, ನೀರು ಬೇರ್ಪಡಿಸುವ ಬಟ್ಟಲನ್ನು ಆಗಾಗ್ಗೆ ಬಸಿಯಬೇಕು. ಓಡುತ್ತಿರುವ ಅಥವಾ ಬಿಸಿಯಾಗಿರುವ ಯಂತ್ರಕ್ಕೆ ಇಂಧನ ಸುರಿಯಬಾರದು. ಹತ್ತಿರದಲ್ಲಿ ಒಣಪುಡಿಯ ಅಗ್ನಿಶಾಮಕವೊಂದು, ಅದರ ಮುಳ್ಳು ಹಸಿರು ಭಾಗದಲ್ಲಿರುವಂತೆ ಇರಲಿ. ಡೀಸೆಲ್ ಬೆಂಕಿಗೆ ನೀರು ಎರಚಬಾರದು.

ವಿದ್ಯುತ್ತಿನ ವಿಷಯದಲ್ಲಿ ನಮ್ಮನ್ನು ಅತ್ಯಂತ ಚಿಂತೆಗೀಡುಮಾಡುವುದು ಎರಡೂ ತುದಿಗೆ ಪಿನ್ನುಗಳಿರುವ ತಂತಿ. ಜನರೇಟರಿನಿಂದ ನೇರವಾಗಿ ಗೋಡೆಯ ಸಾಕೆಟ್ಟಿಗೆ ಅದನ್ನು ಚುಚ್ಚಿ ಮನೆಯನ್ನೆಲ್ಲ ಬೆಳಗಿಸುವ ಜಾಣರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆ ವಿದ್ಯುತ್ತು ಮನೆಯ ಮೀಟರನ್ನು ದಾಟಿ ಹಿಮ್ಮುಖವಾಗಿ ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹರಿದರೆ, ಅಲ್ಲಿ 11,000 ವೋಲ್ಟ್‌ಗಳವರೆಗೆ ಏರಬಲ್ಲದು. ಮಾರ್ಗ ಸ್ಥಗಿತವಾಗಿದೆಯೆಂದು ನಂಬಿ ಕಂಬವೇರಿದ ಲೈನ್‌ಮನ್ ಯಾರದೋ ಮನೆಯ ಮಗ, ಯಾವುದೋ ಕೂಸಿನ ಅಪ್ಪ. ಬೆಸ್ಕಾಂ ಆಗಲಿ ಹೆಸ್ಕಾಂ ಆಗಲಿ, ವಿದ್ಯುತ್ ಕಂಪನಿಯ ಮಾರ್ಗಕ್ಕೂ ಜನರೇಟರಿಗೂ ನಡುವೆ ಚೇಂಜ್‌ಓವರ್ ಸ್ವಿಚ್ ಇರಲೇಬೇಕು. ಒಂದು ಕಡೆ ಸೇರಿದಾಗ ಇನ್ನೊಂದು ಕಡೆ ತಾನಾಗಿ ಬಿಡುವಂತಿರಬೇಕು. ಅರ್ಹ ಎಲೆಕ್ಟ್ರೀಷಿಯನ್ನಿಂದ ವರ್ಷಕ್ಕೊಮ್ಮೆ ಇದನ್ನೂ ಅರ್ಥಿಂಗನ್ನೂ ಪರೀಕ್ಷಿಸಬೇಕು. ಯಂತ್ರದ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಸಂಪರ್ಕಗಳು ಅಗತ್ಯ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಅದು ಇದ್ದೂ ಇಲ್ಲದಂತೆ. ನೀರು ಹಾಕುವ ಹೊಣೆ ಯಾರಿಗಾದರೂ ವಹಿಸಿರಬೇಕು.

ವಿದ್ಯುತ್ ಹೋದೊಡನೆ ತಾನೇ ಚಾಲೂ ಆಗುವ ಯಂತ್ರಗಳು ಈಗ ಹೆಚ್ಚಾಗಿವೆ. ಅವುಗಳನ್ನು ಒರೆಸಲೆಂದು ಒಳಗೆ ಕೈಯಿಟ್ಟಾಗಲೇ ಅವು ಎದ್ದು ಓಡಬಹುದು. ಕೆಲಸಕ್ಕೆ ಮುನ್ನ ಸ್ವಿಚ್ಚನ್ನು ಆಫ್ ಸ್ಥಾನಕ್ಕೆ ತಂದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, “ಕೆಲಸ ನಡೆದಿದೆ” ಎಂಬ ಫಲಕ ತೂಗುಹಾಕಬೇಕು. ಸೀರೆಯ ಸೆರಗು, ಪಂಚೆಯ ಅಂಚು, ಹೆಗಲ ಮೇಲಿನ ವಸ್ತ್ರ, ಬಿಚ್ಚಿದ ಜಡೆ ಬೆಲ್ಟಿಗೆ ಸಿಲುಕಲು ಕ್ಷಣ ಸಾಕು; ಬೆಲ್ಟಿನ ಮೇಲಿನ ಕವಚವನ್ನು ತೆಗೆದಿಟ್ಟು ಓಡಿಸುವ ಅಭ್ಯಾಸ ನಿಲ್ಲಬೇಕು. ಗೂಡಿನ ಬಾಗಿಲುಗಳೂ ಮುಚ್ಚಿರಲಿ: ನಿಯಮದ ಪ್ರಕಾರ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್ ಮೀರಬಾರದ ಸದ್ದು, ಬಾಗಿಲು ತೆರೆದರೆ ಸಹಜವಾಗಿ ಮೀರುತ್ತದೆ.

ಮನೆಯಲ್ಲಿ ಆಕ್ಸಿಜನ್ ಕಾನ್ಸೆಂಟ್ರೇಟರ್ ಅವಲಂಬಿಸಿದ ಹಿರಿಯರಿದ್ದರೆ ಇನ್ನೊಂದು ಪರೀಕ್ಷೆ ಬೇಕು. ವಿದ್ಯುತ್ ಹೋದ ಕ್ಷಣದಿಂದ ಜನರೇಟರ್ ವಿದ್ಯುತ್ ಬರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿ. ರಾತ್ರಿ, ಚಾಲೂ ಮಾಡುವವರು ಮಲಗಿರುವಾಗ ಒಮ್ಮೆ ನೋಡಿ. ಆ ಅಂತರಕ್ಕೆ ತುಂಬಿದ ಸಿಲಿಂಡರೊಂದು ಹಾಸಿಗೆಯ ಬದಿಯಲ್ಲಿರಬೇಕು, ಅದನ್ನು ತೆರೆಯಲು ಮನೆಯ ಇಬ್ಬರಿಗಾದರೂ ಬರಬೇಕು.

ಹೊಳೆಯ ದಂಡೆಯ ಊರುಗಳವರು ಯಂತ್ರದ ಎತ್ತರವನ್ನೂ ಗಮನಿಸಬೇಕು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಗೆ ನೀರು ನುಗ್ಗಿ ಜನರೇಟರ್ ವ್ಯವಸ್ಥೆ ಕೈಕೊಟ್ಟಿತು; ನವಜಾತ ಶಿಶುಗಳನ್ನು ದಾದಿಯರು ಎದೆಗವಚಿಕೊಂಡು ಕತ್ತಲ ಮೆಟ್ಟಿಲುಗಳನ್ನು ಇಳಿದರು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರದವರು ಕಂಡ ನೀರಿನ ಗುರುತು ಇನ್ನೂ ಗೋಡೆಗಳ ಮೇಲಿದ್ದರೆ, ಜನರೇಟರಿನ ಕಟ್ಟೆ ಆ ಗುರುತಿಗಿಂತ ಮೇಲಿರಲಿ.

ಇಷ್ಟನ್ನೆಲ್ಲ ನೆನಪಿನಲ್ಲಿಡುವುದು ಯಾರಿಗೂ ಸಾಧ್ಯವಿಲ್ಲ. ಯಂತ್ರದ ಬಳಿಯೇ ದಾರ ಕಟ್ಟಿದ ಒಂದು ನೋಟುಬುಕ್ಕು ಸಾಕು: ದಿನಾಂಕ, ಗಂಟೆಮೀಟರಿನ ಅಂಕಿ, ಆಯಿಲ್, ನೀರು, ಬ್ಯಾಟರಿ, ನೋಡಿದವರ ಸಹಿ. ಆಯಿಲ್ ಮತ್ತು ಫಿಲ್ಟರನ್ನು ಕೈಪಿಡಿ ಹೇಳಿದಷ್ಟು ಗಂಟೆಗಳಿಗೆ, ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಬದಲಿಸಿದ್ದನ್ನು ಅದರಲ್ಲಿಯೇ ಬರೆದಿಡಬೇಕು. ಜಾತ್ರೆಗೆ, ಮದುವೆಗೆ ಬಾಡಿಗೆ ಜನರೇಟರ್ ತರಿಸುವವರು ಆ ಪುಸ್ತಕವನ್ನು ತೋರಿಸಿರೆಂದು ಕೇಳಲು ಸಂಕೋಚಪಡಬೇಕಾಗಿಲ್ಲ. ತೋರಿಸಲು ಇಲ್ಲದಿದ್ದರೆ ಹೊಗೆಕೊಳವೆಯ ಸುತ್ತ ಮಸಿ ಇದೆಯೇ ಎಂಬುದನ್ನಾದರೂ ತಾವೇ ಬಗ್ಗಿ ನೋಡಬೇಕು. ಬಳಿಕ ಅಂದು ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಾರೆಂದು ವಿಚಾರಿಸಿ, ಲಾರಿಯವರಿಗೆ ನಿಲ್ಲಿಸುವ ಜಾಗ ತೋರಿಸಬೇಕು.